ಚೀಲದ ಪಾಲು

ಮೇಸ್ತ್ರಿ ತನ್ನ ಮನೆ ಮಾರಿದ್ದು ಹೆಂಡತಿಯ ಮಂಡಿಯ ಕಾರಣಕ್ಕೆ. ಕೆಳಗೆ ಬೀದಿಗೆ ಅಂಟಿಕೊಂಡಂತೆ ಒಂದು ಕೋಣೆ, ಮೇಲೆ ಅಡುಗೆಮನೆ, ಅದರ ಪಕ್ಕ ಮಲಗುವ ಕೋಣೆ, ನಡುವೆ ಹದಿನಾರು ಮೆಟ್ಟಿಲು. ಆ ಹದಿನಾರರಲ್ಲಿ ಒಂದರ ಎತ್ತರ ಇನ್ನೊಂದಕ್ಕಿರಲಿಲ್ಲ. ಒಂದಕ್ಕೆ ಗೇಣುದ್ದ ಕಾಲೆತ್ತಬೇಕು, ಮುಂದಿನದಕ್ಕೆ ಅಂಗೈ ಅಗಲ ಸಾಕು, ಅದರ ಮುಂದಿನದಕ್ಕೆ ಮತ್ತೆ ಗೇಣು. ದಿನಕ್ಕೆ ಇಪ್ಪತ್ತು ಸಲದಂತೆ ಮೂವತ್ತು ವರ್ಷ ಹತ್ತಿ ಇಳಿದು ಅವಳ ಮಂಡಿಗಳು ಇನ್ನು ನಮ್ಮ ಕೈಲಾಗದು ಅಂತ ಕೂತುಬಿಟ್ಟವು.

“ಊರಿಗೆಲ್ಲ ನೂಲು ಹಿಡಿದು ಮೆಟ್ಟಿಲು ಕಟ್ಟಿದ ಮಹಾರಾಯ, ಕಟ್ಟಿಕೊಂಡವಳಿಗೆ ಮಾತ್ರ ಬೆಟ್ಟ ಹತ್ತಿಸ್ದ,” ಅಂತ ಅವಳು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದ. ಮೆಟ್ಟಿಲು ಹಾಗೇಕಾಯಿತು ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅವನು ಆ ಜಾಗ ಕೊಂಡಾಗ ಅದೊಂದು ಬಿರುಕುಬಿಟ್ಟ ಕೋಣೆ. ಬೀದಿಯ ತುದಿ, ಕೊಂಡುಕೊಳ್ಳುವವರಿಲ್ಲದ ಜಾಗ. ಈಗ ಬೀದಿಯ ಆಚೆಗೇ ರೈಲು ನಿಲ್ದಾಣ ಬಂದು ಕೂತಿತ್ತು. ಕೊಳ್ಳಲು ಬಂದವನು ಬೆಲೆ ಹೇಳಿದಾಗ ಮೇಸ್ತ್ರಿ ಕಿವಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಎರಡನೇ ಸಲ ಕೇಳಿದ. ಕಾಗದಪತ್ರ ಮುಗಿಯಿತು. ತಿಂಗಳ ಕೊನೆಗೆ ಕೀಲಿಕೈ ಕೊಡಬೇಕು. ಸಂತೆಬೀದಿಯ ಹಿಂದೆ ನೆಲಮಟ್ಟದ ಮನೆಯೊಂದಕ್ಕೆ ಮುಂಗಡ ಕೊಟ್ಟಾಗಿತ್ತು. ಅದಕ್ಕೆ ಮೆಟ್ಟಿಲೇ ಇಲ್ಲ, ಹೊಸಿಲೂ ಎರಡು ಬೆರಳಿನಷ್ಟು. ಹೆಂಡತಿ ಅದನ್ನು ನೋಡಿ ಬಂದ ದಿನ ಹೊಸಿಲು ದಾಟಿದ್ದನ್ನೇ ಮೂರು ಸಲ ಹೇಳಿದ್ದಳು.

ಮದುವೆಯಾಗಿ ಎರಡು ಬೀದಿ ಆಚೆ ಇದ್ದ ಮಗಳು ಒಂದು ಬೆಳಿಗ್ಗೆ ಬಂದು, “ಅಪ್ಪ, ಮನೆ ಮಾರಿದ ಲಾಭಕ್ಕೆ ತೆರಿಗೆ ಇರುತ್ತಂತೆ. ಆಡಿಟರ ಹತ್ರ ಹೋಗೋಣ ನಡಿ,” ಅಂದಳು.

“ಇದ್ದ ಮನೆ ಮಾರಿದ್ದಕ್ಕೆ ಎಂಥ ಲಾಭ ಪುಟ್ಟಿ? ನಾನೇನು ಮನೆ ವ್ಯಾಪಾರ ಮಾಡ್ತೀನಾ?”

“ಅದನ್ನ ಅವರ ಮುಂದೆ ಹೇಳು, ಖುಷಿಪಡ್ತಾರೆ.”

ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒಂದು ಸೀಸೆಯ ರಕ್ತ ಇನ್ನೊಂದಕ್ಕೆ ಬೆರೆಯದ ಹಾಗೆ ಚೀಟಿ ಅಂಟಿಸಿ, ಹೆಸರು ಬರೆದು, ಹೊತ್ತು ಬರೆದು ಇಡುವ ಕೆಲಸ. ಹತ್ತು ವರ್ಷದಲ್ಲಿ ಒಂದೂ ಅದಲುಬದಲಾಗಿಲ್ಲ ಅಂತ ಅವಳ ಮೇಲಿನವರು ಹೇಳುತ್ತಿದ್ದರು. ಮೇಸ್ತ್ರಿಗೆ ಅದನ್ನು ಕೇಳುವುದೆಂದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವನಿಗೆ ಮೂರನೇ ತರಗತಿಯಲ್ಲಿ ಅಕ್ಷರ ನಿಂತುಹೋಗಿತ್ತು. ಮಗಳ ಅಚ್ಚುಕಟ್ಟು ತನ್ನ ಕೈಯಿಂದಲೇ ಬಂದದ್ದು ಅಂತ ಅವನು ಒಳಗೊಳಗೇ ನಂಬಿದ್ದ.

ಆಡಿಟರು ದಪ್ಪ ಕನ್ನಡಕದ, ಮಾತಿಗೊಮ್ಮೆ ಪೆನ್ನಿನ ಟೋಪಿ ತೆಗೆದು ಹಾಕುವ ಮನುಷ್ಯ. ನಿಧಾನವಾಗಿ ಹೇಳಿದ. “ನೋಡಿ ಮೇಸ್ತ್ರಿಗಳೇ, ನೀವೇ ವಾಸ ಇದ್ದ ಮನೆ, ಅದಕ್ಕೆ ಸರ್ಕಾರ ಒಂದು ಗೆರೆಯವರೆಗೆ ಲಾಭ ಮಾಫಿ ಮಾಡುತ್ತೆ. ನಿಮ್ಮದು ಆ ಗೆರೆ ದಾಟಿಬಿಟ್ಟಿದೆ, ರೈಲು ದೇವರ ದಯೆ. ದಾಟಿದ್ದಕ್ಕೆ ತೆರಿಗೆ ಕಟ್ಟಬೇಕು. ಆದ್ರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೀಬಹುದು. ಆಮೇಲೆ ಮನೆಗೆ ಹೊಸದಾಗಿ ಕಟ್ಟಿದ್ದು, ಸೇರಿಸಿದ್ದು, ಅದರ ಖರ್ಚೂ ಕಳೀಬಹುದು. ಸುಣ್ಣಬಣ್ಣ ರಿಪೇರಿ ಲೆಕ್ಕಕ್ಕಿಲ್ಲ. ಕಳೆದು ಉಳಿದದ್ದು ಗೆರೆಯೊಳಗೆ ಬಂದ್ರೆ ನಿಮಗೆ ಒಂದು ಕಾಸೂ ತೆರಿಗೆಯಿಲ್ಲ.”

“ಹಾಗಾದ್ರೆ ಬಂದ ಹಾಗೇ, ಸಾರ್,” ಮಗಳ ಮುಖ ಅರಳಿತು. “ಕೆಳಗಿನ ಒಂದು ಕೋಣೆ ಬಿಟ್ರೆ ಮಿಕ್ಕಿದ್ದೆಲ್ಲ ನಮ್ಮಪ್ಪ ಆಮೇಲೆ ಕಟ್ಟಿದ್ದು. ಒಂದೊಂದು ಕಲ್ಲೂ ಕೈಯಾರೆ ತಂದು ಇಟ್ಟಿದ್ದು.”

“ಬಿಲ್ಲಿದೆಯಾ?”

“ಅಪ್ಪನಿಗೆ ಎಲ್ಲಾ ನೆನಪಿದೆ ಸಾರ್. ಯಾವ ಕಲ್ಲು ಯಾವ ವರ್ಷ ಎಲ್ಲಿಂದ ಬಂತು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತಾನೆ. ಅಲ್ವಾ ಅಪ್ಪ?”

ಮೇಸ್ತ್ರಿ ಹೂಂ ಅಂದ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಾರನೇ ದಿನ ರಜೆ ಹಾಕಿ ಬಂದವಳು ಅಳತೆ ಟೇಪು, ನೋಟ್‌ಪುಸ್ತಕ, ಲ್ಯಾಬಿನ ಅಂಟುಚೀಟಿಗಳ ಸುರುಳಿ ಇಟ್ಟುಕೊಂಡು ಮನೆಯನ್ನು ತಪಾಸಣೆ ಮಾಡಲು ನಿಂತಳು. ಮೆಟ್ಟಿಲಿಗೆ ಒಂದರಿಂದ ಹದಿನಾರು. ಕಿಟಕಿಗೆ ಹದಿನೇಳು, ಹದಿನೆಂಟು. ಬಚ್ಚಲಿನ ನೀಲಿ ಟೈಲಿಗೆ ಇಪ್ಪತ್ತು. ಮಲಗುವ ಕೋಣೆಯ ಬಾಗಿಲಿಗೆ ಇಪ್ಪತ್ತೆರಡು. ಮಧ್ಯಾಹ್ನದ ಹೊತ್ತಿಗೆ ಮನೆಯ ಮೈತುಂಬ ಚೀಟಿ.

“ಏನೇ ಇದು, ಮನೆಗೆ ಜ್ವರ ಬಂದಿದೆಯೇನೇ?” ಅಂತ ತಾಯಿ ಕೂತಲ್ಲಿಂದಲೇ ಕೇಳಿದಳು.

“ಅಮ್ಮ, ಸುಮ್ನಿರು. ಅಪ್ಪ, ಇಪ್ಪತ್ತು ನಂಬರು. ಈ ನೀಲಿ ಟೈಲು ಯಾವ ಅಂಗಡಿ?”

ಮೇಸ್ತ್ರಿಗೆ ಗೊತ್ತಿತ್ತು. ಅದು ದಂತವೈದ್ಯನ ಮನೆಯ ಟೈಲು. ವೈದ್ಯನ ಬಚ್ಚಲಿಗೆ ನೂರಾ ನಲವತ್ತು ಸಾಕಾಗಿತ್ತು. ಇವನು ನೂರಾ ಎಪ್ಪತ್ತು ತರಿಸಿದ್ದ. ಹದಿನೇಳನೇ ನಂಬರಿನ ಕಿಟಕಿ ಹಳೇ ಛಾಪಖಾನೆ ಕೆಡವಿದಾಗಿನದು. ಮೆಟ್ಟಿಲಿನ ಕೆಳಗಿನ ಆರು ಕಲ್ಲು ಬ್ಯಾಂಕಿನ ಮುಂಭಾಗದ್ದು, ನಡುವಿನ ನಾಲ್ಕು ಒಬ್ಬ ವಕೀಲನ ಮನೆಯದು, ಮೇಲಿನ ಆರು ಯಾವುದೋ ಗೋದಾಮಿನದು. ಮೂರು ಕಡೆಯದು, ಒಂದೊಂದು ಕಲ್ಲಿಗೂ ಒಂದೊಂದು ದಪ್ಪ. ಬೇರೆಯವರ ಮನೆಯಲ್ಲಾದರೆ ಕೆತ್ತಿ ಸಮ ಮಾಡುತ್ತಿದ್ದ. ಹಗಲೆಲ್ಲ ದುಡಿದು ಬಂದು, ತಂದ ಕಲ್ಲನ್ನು ಯಾರಾದರೂ ನೋಡುವ ಮೊದಲು ಗಾರೆ ಮೆತ್ತಿ ಮುಚ್ಚಿಬಿಡುವ ಆತುರದಲ್ಲಿ ಸಮ ನೋಡುವವರು ಯಾರು?

ಗಾರೆ ಕೆಲಸದವರಲ್ಲಿ ಇದಕ್ಕೊಂದು ಮಾತಿತ್ತು. ಚೀಲದ ಪಾಲು. ಕರಣೆ, ತೂಕದ ಗುಂಡು, ನೂಲು ಇಟ್ಟುಕೊಂಡು ಹೋಗುವ ಗೋಣಿಚೀಲ ಸಂಜೆ ಮನೆಗೆ ಬರುವಾಗ ಖಾಲಿ ಬರಬಾರದು. ಒಡೆಯುವುದಕ್ಕೆ ಅಂತ ನೂರಕ್ಕೆ ಹತ್ತು ಹೆಚ್ಚು ತರಿಸುವುದು, ಒಡೆಯದೆ ಉಳಿದದ್ದು ಚೀಲಕ್ಕೆ. ಯಜಮಾನರಿಗೂ ಅರೆಬರೆ ಗೊತ್ತಿರುತ್ತಿತ್ತು, ಅವರೂ ಕಂಡೂ ಕಾಣದವರಂತಿರುತ್ತಿದ್ದರು. ಮೊದಮೊದಲು ಹಾಗೇ. ಬರುಬರುತ್ತ ಇವನ ಕೋಣೆಗೆ ಎಷ್ಟು ಬೇಕೋ ಅಷ್ಟು ಒಡೆಯತೊಡಗಿತ್ತು.

“ಅಪ್ಪ? ನೀಲಿ ಟೈಲು?”

“ಮರೆತುಹೋಯ್ತು ಪುಟ್ಟಿ.”

“ನಿನಗೆ ಮರೆವಾ?” ಅವಳು ನಕ್ಕಳು. “ನಾನು ಎರಡನೇ ತರಗತೀಲಿ ಹಾಕಿದ್ದ ಚಪ್ಪಲಿ ಬಣ್ಣ ಹೇಳ್ತೀಯ, ಟೈಲು ಮರೀತೀಯ?”

ಮೂಲೆಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಹೆಂಡತಿ ಅವನತ್ತ ಒಮ್ಮೆ ನೋಡಿ ಮತ್ತೆ ಮಂಡಿ ನೋಡಿಕೊಂಡಳು.

ಅಡುಗೆಮನೆಯ ಕರಿಕಲ್ಲಿಗೆ ಮಗಳು ಇಪ್ಪತ್ತಾರನೇ ನಂಬರು ಅಂಟಿಸಿದಳು. ಒಂದೇ ತುಂಡಿನ, ಕನ್ನಡಿಯಂಥ ಕಲ್ಲು. ಏಳೂವರೆ ಅಡಿ ಉದ್ದ, ಎರಡಡಿ ಅಗಲ. ಒಂದು ತುದಿ ಮಾತ್ರ ನೇರವಿಲ್ಲದೆ ಓರೆಯಾಗಿ ಕತ್ತರಿಸಿದ್ದು. ಅದಕ್ಕೆ ತಕ್ಕಂತೆ ಅಡುಗೆಮನೆಯ ಗೋಡೆಯೂ ಆ ಮೂಲೆಯಲ್ಲಿ ಓರೆ. ಕಲ್ಲಿನ ನಡುವೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿಳೀ ಗೀರು ಹಾದುಹೋಗಿತ್ತು.

“ಈ ಗೋಡೆ ಯಾಕಪ್ಪ ಸೊಟ್ಟ ಕಟ್ಟಿದೆ? ಚಿಕ್ಕೋಳಿದ್ದಾಗ ಕೇಳಿದ್ದಕ್ಕೆ ಗಾಳಿ ಚೆನ್ನಾಗಿ ಆಡುತ್ತೆ ಅಂದಿದ್ದೆ.”

“ಹೂಂ, ಗಾಳಿಗೆ.”

“ಕಲ್ಲು ಎಲ್ಲಿಯದು?”

“ಕಲ್ಲಿನ ಅಂಗಡಿಯದು,” ಅಂದ. ಅದೂ ಸುಳ್ಳಲ್ಲ. “ಆ ಅಂಗಡಿ ಮುಚ್ಚಿ ಹೋಯ್ತು.”

ಸಂಜೆ ಮೇಸ್ತ್ರಿ ಅರ್ಧಮೂಟೆಯ ಹತ್ತಿರ ಹೋದ. ಬೀದಿಯಲ್ಲಿ ಸಿಮೆಂಟನ್ನು ಅರ್ಧ ಮೂಟೆಯಾಗಿ ಮಾರುವವನು ಅವನೊಬ್ಬನೇ, ಅದಕ್ಕೇ ಆ ಹೆಸರು. ಮೇಸ್ತ್ರಿ ತನ್ನ ಮನೆಗೆ ನಿಜವಾಗಿ ದುಡ್ಡು ಕೊಟ್ಟು ಕೊಂಡದ್ದೇನಾದರೂ ಇದ್ದರೆ ಅದು ಇವನ ಅಂಗಡಿಯ ಸಿಮೆಂಟು, ಕಬ್ಬಿಣ ಮತ್ತು ನೀರಿನ ಕೊಳವೆ.

“ಬಿಲ್ಲು ತಾನೇ? ಅಯ್ಯೋ, ಅಷ್ಟಕ್ಕೆ ಮುಖ ಹೀಗೆ ಮಾಡ್ಕೊಂಡು ಬಂದೆಯಾ?” ಅರ್ಧಮೂಟೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಇಲಿ ಕಡಿದ ಬಿಲ್‌ಪುಸ್ತಕ ಎಳೆದ. “ನಮ್ಮಪ್ಪನ ಕಾಲದ್ದು. ಟೈಲು ಬೇಕಾ, ಕಿಟಕಿ ಬೇಕಾ, ಆನೆ ಬೇಕಾ? ಯಾವ ವರ್ಷ ಹೇಳು, ಬರೆದು ಬಿಸಾಕ್ತೀನಿ.”

“ನೀನು ಟೈಲು ಮಾರ್ತಿದ್ದೆಯಾ?”

“ನೀನು ಕೊಳ್ತಿದ್ದೆಯಾ?” ಅಂದು ಅರ್ಧಮೂಟೆ ಹೊಟ್ಟೆ ಕುಲುಕಿಸಿ ನಕ್ಕ.

ಮೇಸ್ತ್ರಿಗೆ ನಗು ಬರಲಿಲ್ಲ. ಆದರೂ ಬಿಲ್ಲು ಬರೆಸಿಕೊಂಡ. ಮಗಳ ಪ್ರಶ್ನೆಗಳು ನಿಂತರೆ ಸಾಕಾಗಿತ್ತು ಅವನಿಗೆ. ಆದರೆ ಮಗಳು ಆ ಬಿಲ್ಲುಗಳನ್ನು ಬೆಳಕಿಗೆ ಹಿಡಿದಳು, ಮೂಸಿ ನೋಡಿದಳು. “ಶಾಯಿ ಇನ್ನೂ ಹಸಿ ಇದೆ ಅಪ್ಪ.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಅಕ್ಕರೆಯಿತ್ತು. “ಕಷ್ಟಪಟ್ಟು ಕೊಂಡಿದ್ದಕ್ಕೆ ನಾವ್ಯಾಕೆ ಕಳ್ಳ ಬಿಲ್ಲು ಮಾಡ್ಬೇಕು? ನಮ್ಮದೇನು ಕದ್ದ ಮಾಲಾ?” ಅಂದು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದಳು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಮೇಸ್ತ್ರಿಗೆ. ಬಿಡಲಿಲ್ಲ. ಆ ನೆಲವೂ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯ ಮಿಕ್ಕ ಕಲ್ಲು.

ಎರಡು ದಿನ ಬಿಟ್ಟು ಮಗಳು ಹಾರಿಕೊಂಡೇ ಬಂದಳು. “ಅಪ್ಪ, ಆಡಿಟರು ಹೇಳಿದ್ರು. ನಮ್ಮ ಬಿಲ್ಲು ಕಳೆದುಹೋಗಿದ್ರೂ ಅದೇ ಕಾಲದಲ್ಲಿ ಅದೇ ಸಾಮಾನು ಕೊಂಡವರ ಬಿಲ್ಲು ಸಿಕ್ರೆ ಬೆಲೆಗೆ ಆಧಾರವಾಗುತ್ತಂತೆ. ನಂಗೆ ಥಟ್ ಅಂತ ಹೊಳೀತು. ನಮ್ಮ ಶಾಲೆ ಟೀಚರಮ್ಮ! ನಮ್ಮ ಅಡುಗೆಮನೆ ಕಟ್ಟೋ ಹೊತ್ತಿಗೇ ನೀನು ಅವರ ಅಡುಗೆಮನೆ ಮಾಡಿದ್ದಲ್ವಾ? ಅವರದ್ದೂ ಕರಿಕಲ್ಲೇ. ಫೋನ್ ಮಾಡ್ದೆ. ಮಕ್ಕಳ ಪರೀಕ್ಷೆ ಕಾಗದಾನೇ ಬಿಸಾಡಿಲ್ಲ, ಬಿಲ್ಲು ಬಿಸಾಡ್ತೀನಾ ಅಂದ್ರು. ನಾಳೆ ಬೆಳಿಗ್ಗೆ ಬನ್ನಿ ಅಂದಿದ್ದಾರೆ.”

“ಬೇಡ ಪುಟ್ಟಿ. ಆ ಕಾಲದ್ದು ಈಗ ಯಾಕೆ? ತೆರಿಗೆ ಕಟ್ಟಿಬಿಡೋಣ.”

“ತೆರಿಗೆ ಕಟ್ಟಿದ್ರೆ ಆ ನೆಲಮಟ್ಟದ ಮನೆ ಕೈತಪ್ಪುತ್ತೆ. ಅಮ್ಮನ ಮಂಡಿ ನೋಡು. ಒಂದು ಹೊತ್ತು ಹೋಗಿಬರೋಕೆ ಏನು ಕಷ್ಟ?”

ಕಷ್ಟ ಏನು ಅಂತ ಹೇಳಬೇಕಾದರೆ ಎಲ್ಲ ಹೇಳಬೇಕಿತ್ತು. ಮೇಸ್ತ್ರಿ ಮಾರನೇ ದಿನ ಒಗೆದ ಅಂಗಿ ಹಾಕಿಕೊಂಡು ಮಗಳ ಹಿಂದೆ ಹೊರಟ. ಟೀಚರಮ್ಮನ ಅಡುಗೆಮನೆ ಮುಗಿಸಿದ ಮೇಲೆ ಅಷ್ಟು ವರ್ಷದಲ್ಲಿ ಆ ಬೀದಿ ತುಳಿದಿರಲಿಲ್ಲ. ಅತ್ತ ಕೆಲಸವಿದ್ದರೂ ಸುತ್ತುಹಾಕಿ ಹೋಗುತ್ತಿದ್ದ.

ಟೀಚರಮ್ಮನಿಗೆ ಈಗ ಎಂಬತ್ತರ ಹತ್ತಿರ. ಬೆನ್ನು ಬಾಗಿತ್ತು, ದನಿ ಮಾತ್ರ ಕೊನೇ ಬೆಂಚಿನವರೆಗೆ ಕೇಳುವಂಥದ್ದು. “ಬನ್ನಿ ಮೇಸ್ತ್ರಿ! ಇವಳೇನಾ ನಮ್ಮ ಪುಟ್ಟಿ? ಏಳರ ಮಗ್ಗಿ ಬರ್ತಿರಲಿಲ್ಲ ನಿಂಗೆ. ಈಗ ಬರುತ್ತಾ?” ಅಂದಳು.

“ಈಗ ಬರುತ್ತೆ ಟೀಚರ್.”

“ಸರಿ, ಕೂತ್ಕೊಳ್ಳಿ. ಮೊದಲು ಟೀ. ಅಡುಗೆಮನೆಗೇ ಬನ್ನಿ, ನನ್ನ ಫೈಲೂ ಅಲ್ಲೇ ಇದೆ.”

ಮಗಳು ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಒಂದೇ ತುಂಡಿನ ಕರಿಕಲ್ಲು. ಒಂದು ತುದಿ ಓರೆ. ಈ ಮನೆಯ ಗೋಡೆ ಹುಟ್ಟಿನಿಂದಲೇ ಸೊಟ್ಟ, ಏಕೆಂದರೆ ಹಿಂದಿನ ಓಣಿಯೇ ಸೊಟ್ಟ. ಕಿಟಕಿಯಿಂದ ಓಣಿ ಕಾಣುತ್ತಿತ್ತು. ಮೇಸ್ತ್ರಿ ಮಗಳ ಮುಖ ನೋಡಲಿಲ್ಲ. ಅವಳ ಕೈ ನೋಡಿದ. ಆ ಕೈ ಮೆಲ್ಲನೆ ಚೀಲದಿಂದ ಟೇಪು ತೆಗೆದು, ಹಾಗೇ ಒಳಗಿಟ್ಟಿತು. ಅಳೆಯುವ ಅಗತ್ಯ ಬೀಳಲಿಲ್ಲ.

ಟೀಚರಮ್ಮ ಫೈಲು ಬಿಚ್ಚಿ ಎರಡು ಹಳದಿಯಾದ ಕಾಗದ ಹೊರಗೆ ಹಾಕಿದಳು. “ತಗೋ, ಒಂದಲ್ಲ, ಎರಡಿದೆ. ಮೊದಲನೇ ಕಲ್ಲು ಒಡೆದುಹೋಯ್ತಲ್ಲ. ಪಾಪ, ನಿಮ್ಮಪ್ಪ ಒಂದು ವಾರ ನನಗೆ ಮುಖ ತೋರಿಸಲಿಲ್ಲ. ನಾನೇ ಹೇಳ್ದೆ, ನಿಮ್ಮದೇನು ತಪ್ಪು ಮೇಸ್ತ್ರಿ, ಕಲ್ಲು ಒಡೆಯೋದೇ ಅಂತ. ಒಡೆದ ಕಲ್ಲು ಸಾಗಿಸೋಕೆ ಗಾಡಿ ಬಾಡಿಗೇನೂ ಕೊಟ್ಟೆ. ಅಲ್ವಾ ಮೇಸ್ತ್ರಿ?”

“ಹೌದು,” ಅಂದ ಮೇಸ್ತ್ರಿ.

“ಎರಡೂ ಒಂದೇ ಅಳತೇನಾ ಟೀಚರ್?” ಮಗಳ ದನಿ ಲ್ಯಾಬಿನಲ್ಲಿ ಫೋನಿಗೆ ಉತ್ತರ ಕೊಡುವ ದನಿಯಾಗಿತ್ತು.

“ಒಂದೇ. ಏಳೂವರೆ, ಎರಡು, ಒಂದು ತುದಿ ಓರೆ. ಬರೆದಿದೆ ನೋಡು. ಎರಡೂ ತಗೊಂಡು ಹೋಗು, ನನಗೇನು ಮಾಡೋಕಿದೆ.”

ಮಗಳು ಕಾಗದಕ್ಕೆ ಕೈ ಚಾಚಲಿಲ್ಲ. ಅಪ್ಪನತ್ತ ತಿರುಗಲೂ ಇಲ್ಲ. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತ ಕೂತಳು. ಅವಳು ಒಂದು ಮಾತು ಆಡಿದ್ದರೆ ಮೇಸ್ತ್ರಿ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದನೋ ಏನೋ. ಎರಡು ತುಂಡು ಸೇರಿಸಿದೆ ಅನ್ನಬಹುದಿತ್ತು, ಒಡೆದದ್ದನ್ನು ಬೆಸೆದೆ ಅನ್ನಬಹುದಿತ್ತು. ಅವಳು ಸುಮ್ಮನೆ ಕೂತದ್ದೇ ಅವನಿಗೆ ತಡೆಯಲಾಗಲಿಲ್ಲ.

“ಟೀಚರಮ್ಮ, ಆ ಕಲ್ಲು ಒಡೆದಿರಲಿಲ್ಲ.”

“ಏನು?”

“ಒಡೆದಿರಲಿಲ್ಲ. ಅದರಲ್ಲಿ ಹುಟ್ಟಿನಿಂದ ಒಂದು ಬಿಳೀ ಗೀರಿತ್ತು. ಅದನ್ನೇ ತೋರಿಸಿ ಬಿರುಕು ಅಂದೆ. ಒಲೆ ಇಟ್ರೆ ಎರಡು ಹೋಳಾಗುತ್ತೆ ಅಂದೆ. ಈಗ ನಮ್ಮ ಅಡುಗೆಮನೇಲಿದೆ. ಗಟ್ಟಿಯಾಗೇ ಇದೆ.”

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ. ಬಹಳ ಹೊತ್ತು ಓರೆ ಮೂಲೆಯನ್ನೇ ನೋಡುತ್ತಿದ್ದಳು. ಮೇಸ್ತ್ರಿ ಬೈಗುಳಕ್ಕೆ ಕಾದ. ಬೈದರೆ ಹಗುರಾಗುತ್ತೆ ಅಂತ ಅನ್ನಿಸಿತ್ತು.

“ಅವತ್ತು ನಾನು ಶಾಲೇಲಿದ್ದೆ,” ಅಂದಳು ಕೊನೆಗೆ. ಕೊನೇ ಬೆಂಚಿನ ದನಿ ಈಗಿರಲಿಲ್ಲ. “ಗಾಡಿಯಿಂದ ಇಳಿಸೋವಾಗ ನಮ್ಮ ಯಜಮಾನ್ರು ಒಂದು ಮೂಲೆ ಹಿಡಿದಿದ್ರಂತೆ.”

“ಹೌದು.”

“ಅವರ ಕೈ ಜಾರಿ ಮೂಲೆ ನೆಲಕ್ಕೆ ತಾಗಿತಂತೆ.”

“ತಾಗಿತು. ಏನೂ ಆಗಿರಲಿಲ್ಲ. ಮೆತ್ತನೆ ಮಣ್ಣು.” ಮೇಸ್ತ್ರಿಗೆ ಆ ಮಣ್ಣಿನ ಬಣ್ಣವೂ ನೆನಪಿತ್ತು. ಟಪ್ ಅಂತ ಸದ್ದಾದಾಗ ಆ ಮನುಷ್ಯ ಅಯ್ಯೋ ಅಂದಿದ್ದ. ಆ ಅಯ್ಯೋ ಕೇಳಿದ ಮೇಲೆಯೇ ಮೇಸ್ತ್ರಿಯ ಕಣ್ಣು ಗೀರಿನ ಮೇಲೆ ಬಿದ್ದದ್ದು, ತಲೆ ಯೋಚಿಸುವ ಮೊದಲೇ ನಾಲಿಗೆ ಆಡಿದ್ದು.

“ಅವತ್ತು ರಾತ್ರಿ ಊಟ ಮಾಡಲಿಲ್ಲ ಅವರು. ನಾನೂ ಬೈದೆ. ಆಗದ ಕೆಲಸಕ್ಕೆ ಕೈ ಹಾಕ್ತೀರಿ ಅಂದೆ. ಕಲ್ಲಿಗೆ ಒಂದು ತಿಂಗಳ ಸಂಬಳ ಹೋಗಿತ್ತಲ್ಲ, ಬಾಯಿ ಸುಮ್ಮನಿರಲಿಲ್ಲ. ಆಮೇಲೆ ಅವರು ಸಾಯೋ ತನಕ ಮನೇಲಿ ಒಂದು ಭಾರ ಎತ್ತೋಕೆ ಮುಂದೆ ಬರಲಿಲ್ಲ. ಮೊಮ್ಮಗನ್ನ ತೊಡೆ ಮೇಲೆ ಕೂರಿಸಿಕೊಳ್ಳೋರು, ಎತ್ತಿಕೊಳ್ತಿರಲಿಲ್ಲ. ನನ್ನ ಕೈ ನಂಬೋ ಹಾಗಿಲ್ಲ ಅನ್ನೋರು. ನಾವೆಲ್ಲ ತಮಾಷೆ ಮಾಡ್ತಿದ್ವಿ.”

ಕಲ್ಲಿನ ಬೆಲೆ, ಗಾಡಿಯ ಬಾಡಿಗೆ, ಅದನ್ನೆಲ್ಲ ಮೇಸ್ತ್ರಿ ಅಷ್ಟು ವರ್ಷ ಒಳಗೆ ಹೊತ್ತಿದ್ದ. ಇದು ಗೊತ್ತೇ ಇರಲಿಲ್ಲ.

“ಆ ಕಲ್ಲು ಕಿತ್ತು ತಂದುಕೊಡ್ತೀನಿ ಟೀಚರಮ್ಮ. ಇಲ್ಲ, ಅದರ ದುಡ್ಡು...”

“ಕಲ್ಲು ಇಟ್ಕೊಂಡು ನಾನೇನು ಮಾಡ್ಲಿ? ದುಡ್ಡೂ ಬೇಡ. ಅವರಿಗೆ ಹೇಳಬೇಕಿತ್ತು ಮೇಸ್ತ್ರಿ. ಒಂದು ಸಲ ಬಂದು ಹೇಳಿದ್ರೆ ಸಾಕಾಗಿತ್ತು. ಹನ್ನೊಂದು ವರ್ಷ ಆಯ್ತು ಅವರು ಹೋಗಿ.” ಎರಡು ಬಿಲ್ಲುಗಳನ್ನು ಜೋಡಿಸಿ ಫೈಲಿನೊಳಗೆ ಇಟ್ಟಳು. “ಈಗ ಹೋಗಿ ಬನ್ನಿ. ನನಗೆ ಸ್ವಲ್ಪ ಒಬ್ಬಳೇ ಇರಬೇಕು.”

ದಾರಿಯಲ್ಲಿ ಮಗಳು ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಗೆ ಬಂದವಳು ಮೆಟ್ಟಿಲು ಹತ್ತದೆ ಕೆಳಗಿನ ಕೋಣೆಯಲ್ಲೇ, ಕಾಲು ಚಾಚಿ ಕೂತಿದ್ದ ತಾಯಿಯ ಎದುರು ಕೂತಳು.

“ಅಮ್ಮ, ನಿಂಗೂ ಗೊತ್ತಿತ್ತಾ?”

ತಾಯಿಗೆ ಯಾವುದು ಅಂತ ಕೇಳುವ ಅಗತ್ಯವೂ ಬೀಳಲಿಲ್ಲ. ಗಂಡನ ಮುಖ ನೋಡಿದರೆ ಸಾಕಾಗಿತ್ತು. “ಹೇಳಿಬಿಟ್ರಾ?” ಅಂದಳು ಅವನಿಗೆ. “ಇವಳ ಮುಂದೆ? ಇಷ್ಟು ವರ್ಷ ನಾನು ಸುಮ್ನಿದ್ದೆನಲ್ಲ. ದಿನಾ ಆ ಕಲ್ಲು ಒರೆಸ್ತಾ ಸುಮ್ನಿದ್ದೆನಲ್ಲ. ಇನ್ನು ಹತ್ತು ದಿನ ನಿಮ್ಮ ಕೈಲಿ ಆಗ್ಲಿಲ್ವಾ?”

“ಟೀಚರು ನಮ್ಮನೆಗೆ ಬಂದಾಗೆಲ್ಲ ಅವರನ್ನ ಕೆಳಗೇ ಕೂರಿಸ್ತಿದ್ದೆ ನೀನು,” ಮಗಳು ನಿಧಾನವಾಗಿ ಹೇಳಿದಳು. “ಮೆಟ್ಟಿಲು ಸರಿಯಿಲ್ಲ, ಮೇಲೆ ಬರಬೇಡಿ ಅಂತ. ಮರ್ಯಾದೆ ಅಂದ್ಕೊಂಡಿದ್ದೆ ನಾನು.”

ಮಗಳು ನೋಟ್‌ಪುಸ್ತಕ ಬಿಚ್ಚಿ ಹೊಸ ಪುಟ ತೆಗೆದಳು. “ಒಂದನೇ ನಂಬರಿಂದ ಹೇಳು ಅಪ್ಪ. ಈಗ ಮರೆವು ಬೇಡ.”

ಮೇಸ್ತ್ರಿ ಹೇಳಿದ. ಬ್ಯಾಂಕು, ವಕೀಲ, ಗೋದಾಮು, ಛಾಪಖಾನೆ, ದಂತವೈದ್ಯ. ಅವಳು ಬರೆದಳು. ಒಂದೊಂದು ಹೆಸರಿಗೂ ಅವಳ ಪೆನ್ನು ಸ್ವಲ್ಪ ತಡೆದು ಮುಂದೆ ಹೋಗುತ್ತಿತ್ತು. ಮಲಗುವ ಕೋಣೆಯ ಬಾಗಿಲಿಗೆ ಬಂದಾಗ, “ಇದೂನಾ?” ಅಂದಳು. ಆ ಬಾಗಿಲಿನ ಪಟ್ಟಿಯ ಮೇಲೆ ಅವಳು ಪ್ರತಿ ವರ್ಷ ಬೆಳೆದ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಮೇಸ್ತ್ರಿ ತಲೆ ತಗ್ಗಿಸಿ, “ಇದೂ,” ಅಂದ. ದುಡ್ಡು ಕೊಟ್ಟು ತಂದದ್ದು ಅಂತ ಕೊನೆಗೆ ಉಳಿದದ್ದು ಮೂರು ಸಾಲು. ಸಿಮೆಂಟು, ಕಬ್ಬಿಣ, ನೀರಿನ ಕೊಳವೆ.

ಆ ಮೂರಕ್ಕೂ ಅರ್ಧಮೂಟೆ ತನ್ನ ಹಳೇ ಲೆಕ್ಕದ ಪುಸ್ತಕ ನೋಡಿ ನಿಜವಾದ ಕಾಗದ ಬರೆದುಕೊಟ್ಟ. “ಇಷ್ಟೇನಾ? ಇಷ್ಟಕ್ಕೆ ತೆರಿಗೆಯವರು ನಗ್ತಾರಲ್ಲೋ,” ಅಂದ. ಮೇಸ್ತ್ರಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಬಂದ.

ಆಡಿಟರು ಪಟ್ಟಿ ನೋಡಿ ಪೆನ್ನಿನ ಟೋಪಿ ಹಾಕಿ ತೆಗೆದ. “ಏನಮ್ಮ, ಅವತ್ತು ಒಂದೊಂದು ಕಲ್ಲೂ ಕೈಯಾರೆ ಅಂದ್ರಿ. ಇಷ್ಟು ಮನೆಗೆ ಮೂರೇ ಸಾಲಾ? ಬಿಲ್ಲು ಸಿಗಲಿಲ್ವಾ?”

ಇಷ್ಟು ದಿನ ಅಪ್ಪನ ಪರವಾಗಿ ಎಲ್ಲ ಕಚೇರಿಗಳಲ್ಲೂ ಮಾತಾಡುತ್ತಿದ್ದವಳು ಮಗಳೇ. ಇಂದು ಅವಳು ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತ, “ಅಪ್ಪನ್ನೇ ಕೇಳಿ ಸಾರ್,” ಅಂದಳು.

“ಮಿಕ್ಕಿದ್ದು ನಾನು ಕೊಂಡಿದ್ದಲ್ಲ ಸಾರ್,” ಅಂದ ಮೇಸ್ತ್ರಿ. “ಬೇರೆಯವರ ಮನೆಗೆ ಬಂದಿದ್ದು. ನಾನು ತಂದುಬಿಟ್ಟೆ. ನನ್ನದು ಅಂದ್ರೆ ಕೂಲಿ ಮಾತ್ರ.”

ಆಡಿಟರು ಬಾಗಿಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ಇದು ನನ್ನ ಕಿವಿಗೆ ಬೀಳಲಿಲ್ಲ. ಇನ್ನೆಲ್ಲೂ ಹೇಳೋಕೆ ಹೋಗಬೇಡಿ. ಸ್ವಂತ ಕೂಲಿನಾದ್ರೂ ಕಳೆಯೋಣ ಅಂದ್ರೆ ಕಾನೂನು ಒಪ್ಪಲ್ಲ. ಪೂರ್ತಿ ತೆರಿಗೆ ಬರುತ್ತೆ, ಗೊತ್ತಲ್ವಾ?”

“ಬರಲಿ ಸಾರ್.”

ತೆರಿಗೆ ಕಟ್ಟಿದ ಮೇಲೆ ಸಂತೆಬೀದಿಯ ಹಿಂದಿನ ಮನೆಗೆ ಕೈ ಎಟುಕಲಿಲ್ಲ. ಊರಾಚೆ ಒಂದೂವರೆ ಕೋಣೆಯ ಮನೆ ಸಿಕ್ಕಿತು. ನೆಲಮಟ್ಟದ್ದೇ, ಆದರೆ ಮಗಳ ಮನೆಗೆ ಎರಡು ಬಸ್ಸು ಹಿಡಿಯಬೇಕು. ಹೆಂಡತಿ ಅದನ್ನು ನೋಡಲೂ ಬರಲಿಲ್ಲ. “ನೀವೇ ನೋಡಿ ಬನ್ನಿ, ಇರೋಳು ನಾನು ತಾನೇ,” ಅಂದಳು.

ಕಾಗದಗಳಿಗೆ ರುಜು ಹಾಕಿ ಆಡಿಟರ ಕಚೇರಿಯಿಂದ ಹೊರಗೆ ಬಂದ ಆ ದಿನ ಬೀದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮಗಳು ನೆರಳಿಗೆ ನಿಂತು ಬಸ್ಸಿಗೆ ಚಿಲ್ಲರೆ ಹುಡುಕುತ್ತಿದ್ದಳು. ಹುಡುಕುವುದನ್ನು ನಿಲ್ಲಿಸಿ ಕೇಳಿದಳು.

“ಅಪ್ಪ, ಹೋದ ವರ್ಷ ನಮ್ಮನೆ ಬಚ್ಚಲಿಗೆ ಟೈಲು ಹಾಕಿಕೊಟ್ಟೆಯಲ್ಲ. ದುಡ್ಡು ಬೇಡ ಅಂದೆ.”

“ಹೂಂ.”

“ಅದು ಎಲ್ಲಿಯದು?”

“ಅಂಗಡಿಯದು ಪುಟ್ಟಿ. ಕೊಂಡಿದ್ದು. ಕೆಲಸ ಬಿಟ್ಟು ಆರು ವರ್ಷ ಆಯ್ತಲ್ಲ ನಾನು, ಬೇರೆ ಎಲ್ಲಿಂದ ತರಲಿ?”

ಅದು ನಿಜವಾಗಿತ್ತು. ಉಳಿಸಿಟ್ಟಿದ್ದ ದುಡ್ಡು ತೆಗೆದು, ಮೂರು ಅಂಗಡಿ ಸುತ್ತಿ, ಅವಳಿಗೆ ಇಷ್ಟವಾಗುವ ಹಸಿರು ಬಣ್ಣ ಆರಿಸಿ ಕೊಂಡದ್ದು. ಮಗಳು ಅವನ ಮುಖವನ್ನು ಎವೆಯಿಕ್ಕದೆ ನೋಡಿದಳು, ಗಾಜಿನ ಸೀಸೆ ಬೆಳಕಿಗೆ ಹಿಡಿದು ನೋಡುವ ಹಾಗೆ. ಹುಟ್ಟಿದಾಗಿನಿಂದ ಒಂದು ದಿನವೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

“ಬಿಲ್ಲಿದೆಯಾ?” ಅಂದಳು.

ಮೇಸ್ತ್ರಿ ಜೇಬು ಮುಟ್ಟಿಕೊಂಡ, ಅಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದರೂ. ಜನ್ಮದಲ್ಲಿ ಒಂದು ಬಿಲ್ಲು ಇಟ್ಟುಕೊಂಡವನಲ್ಲ ಅವನು.

“ಇಲ್ಲ,” ಅಂದ.

“ಸರಿ,” ಅಂದಳು ಮಗಳು. ಬಸ್ಸು ಬಂತು. ಅವಳು ಹತ್ತಿ, ಅವನಿಗೂ ಸೇರಿಸಿ ಎರಡು ಟಿಕೆಟು ತೆಗೆದುಕೊಂಡಳು.